ಜಾಲ ಸಾಧನಗಳ ಪತ್ತೆ

ಜಾಲ ಸಾಧನಗಳ ಪತ್ತೆ ಎಂದರೆ ಗಣಕಜಾಲದಲ್ಲಿರುವ ಸ್ವಿಚ್, ರೂಟರ್, ಮುದ್ರಕ ಮೊದಲಾದ ಸಾಧನಗಳನ್ನು ನಿರ್ವಹಣಾ ತಂತ್ರಾಂಶವು ತಾನಾಗಿಯೇ ಹುಡುಕಿ, ಗುರುತಿಸಿ, ಪಟ್ಟಿ ಮಾಡುವ ಕ್ರಿಯೆ. ಒಂದು ಸ್ವಿಚ್ ಈ ಪಟ್ಟಿಯಲ್ಲಿ ಕಾಣದಿದ್ದರೆ ಅದು ಕೆಟ್ಟಿದೆ ಎಂದೇ ಅರ್ಥವಲ್ಲ. ಸ್ವಿಚ್ ದತ್ತಾಂಶವನ್ನು ಸರಿಯಾಗಿ ಸಾಗಿಸುತ್ತಿದ್ದರೂ ತಂತ್ರಾಂಶದ ಪ್ರಶ್ನೆಗೆ ಉತ್ತರಿಸದೆ ಇರಬಹುದು. ಈ ಎರಡು ಸ್ಥಿತಿಗಳನ್ನು ಬೇರ್ಪಡಿಸುವುದೇ ದೋಷ ನಿವಾರಣೆಯ ಮೊದಲ ಕೆಲಸ.

ಹಿನ್ನೆಲೆ

ಪತ್ತೆಯ ಕ್ರಿಯೆಗೆ ಆಧಾರವಾದ ನಿಯಮಾವಳಿಗಳು ಹಲವು ದಶಕಗಳಲ್ಲಿ ರೂಪುಗೊಂಡವು. ಸಾಧನ ತಲುಪುತ್ತದೆಯೇ ಎಂದು ತಿಳಿಸುವ ಐಸಿಎಂಪಿ 1981ರಲ್ಲಿ, ಐಪಿ ವಿಳಾಸಕ್ಕೆ ಹೊಂದುವ ಯಂತ್ರಾಂಶ ವಿಳಾಸವನ್ನು ಹುಡುಕುವ ಎಆರ್‌ಪಿ 1982ರಲ್ಲಿ ಪ್ರಕಟವಾದವು. ಐಸಿಎಂಪಿಯನ್ನು ಬಳಸುವ 'ಪಿಂಗ್' ಎಂಬ ಸಣ್ಣ ಕ್ರಮವಿಧಿಯನ್ನು ಮೈಕ್ ಮೂಸ್ 1983ರಲ್ಲಿ ಬರೆದರು. ಸಾಧನದ ಹೆಸರು, ಮಾದರಿ, ಸಂಪರ್ಕದ್ವಾರಗಳ ಸ್ಥಿತಿ ಮುಂತಾದವನ್ನು ಕೇಳಿ ತಿಳಿಯಲು ಬೇಕಾದ ಎಸ್‌ಎನ್‌ಎಂಪಿ 1988ರಲ್ಲಿ ಬಂದಿತು. ಅದರ ಮೂರನೆಯ ಆವೃತ್ತಿ 2002ರಲ್ಲಿ ಪೂರ್ಣ ಮಾನಕವಾಯಿತು. ನೆರೆಯ ಸಾಧನಗಳು ಪರಸ್ಪರ ಪರಿಚಯಿಸಿಕೊಳ್ಳುವ ಎಲ್‌ಎಲ್‌ಡಿಪಿ ಐಇಇಇ ಸಂಸ್ಥೆಯ ಮಾನಕವಾಗಿ 2005ರಲ್ಲಿ ಹೊರಬಂದಿತು.

ಪತ್ತೆಯ ವಿಧಾನ

ತಂತ್ರಾಂಶವು ಸಾಮಾನ್ಯವಾಗಿ ಮೂರು ಹಂತಗಳಲ್ಲಿ ಕೆಲಸ ಮಾಡುತ್ತದೆ. ಮೊದಲು, ಕೊಟ್ಟಿರುವ ವಿಳಾಸ ವ್ಯಾಪ್ತಿಯ ಪ್ರತಿಯೊಂದು ವಿಳಾಸಕ್ಕೂ ಪಿಂಗ್ ಕಳುಹಿಸುತ್ತದೆ. ಉತ್ತರ ಕೊಟ್ಟ ಸಾಧನವನ್ನು ಅನಂತರ ಎಸ್‌ಎನ್‌ಎಂಪಿ ಮೂಲಕ, ಯುಡಿಪಿಯ 161ನೆಯ ದ್ವಾರದಲ್ಲಿ, 'ನೀನು ಯಾರು' ಎಂದು ಕೇಳುತ್ತದೆ. ಸಾಧನದ ತಯಾರಕ ಮತ್ತು ಮಾದರಿಯನ್ನು ಸೂಚಿಸುವ ಸಂಖ್ಯಾಸರಣಿ 1.3.6.1.2.1.1.2 ಎಂಬ ಸ್ಥಾನದಲ್ಲಿ ದೊರೆಯುತ್ತದೆ. ಕೊನೆಗೆ ಎಲ್‌ಎಲ್‌ಡಿಪಿ ಕೋಷ್ಟಕ, ಎಆರ್‌ಪಿ ಕೋಷ್ಟಕಗಳನ್ನು ಓದಿ ಯಾವ ಸಾಧನ ಯಾವುದಕ್ಕೆ ಜೋಡಣೆಯಾಗಿದೆ ಎಂಬ ನಕ್ಷೆಯನ್ನು ರಚಿಸುತ್ತದೆ.

ವಿಜಯಪುರದ ಸಂದರ್ಭ

ವಿಜಯಪುರ ತಾಲ್ಲೂಕಿನ ಭಾಗವಾಗಿದ್ದ ತಿಕೋಟಾ ಮತ್ತು ಬಬಲೇಶ್ವರಗಳನ್ನು ಪ್ರತ್ಯೇಕ ತಾಲ್ಲೂಕುಗಳನ್ನಾಗಿಸುವ ಘೋಷಣೆ 2017ರ ರಾಜ್ಯ ಮುಂಗಡಪತ್ರದಲ್ಲಿ ಆಯಿತು. ಹೊಸ ತಾಲ್ಲೂಕು ಎಂದರೆ ಹೊಸ ಕಚೇರಿಗಳು. ಕಚೇರಿ ಎಂದರೆ ಇಂದು ಜಾಲಸಂಪರ್ಕವೂ ಹೌದು. ಕೇಂದ್ರ ಸರ್ಕಾರ 2005ರಲ್ಲಿ ಒಪ್ಪಿದ ರಾಜ್ಯವ್ಯಾಪಿ ಜಾಲ ಯೋಜನೆಯ ವಿನ್ಯಾಸದಲ್ಲಿ ರಾಜ್ಯ ಕೇಂದ್ರ, ಜಿಲ್ಲಾ ಕೇಂದ್ರ, ತಾಲ್ಲೂಕು ಕೇಂದ್ರ ಎಂಬ ಮೂರು ಮಜಲುಗಳಿವೆ. ಕರ್ನಾಟಕದಲ್ಲಿ ಇದು ಕೆಸ್ವಾನ್ ಎಂದು ಪರಿಚಿತ.

ದ್ರಾಕ್ಷಿ ಬೆಳೆಯುವ ಈ ಭಾಗದ ರೈತನಿಗೆ ಬೆಳೆಸಾಲಕ್ಕೂ ವಿಮೆಗೂ ಪಹಣಿ, ಅಂದರೆ ಇಲ್ಲಿನ ಮಾತಿನಲ್ಲಿ 'ಉತಾರ', ಬೇಕು. ಅದು 'ಭೂಮಿ' ತಂತ್ರಾಂಶದಿಂದ ಜಾಲದ ಮೂಲಕವೇ ಬರಬೇಕು. ಸಂಪರ್ಕ ಕಡಿದಾಗ ಜನ ಕೇಳುವ ಮಾತು 'ಸರ್ವರ್ ಇಲ್ಲ' ಎಂಬುದೊಂದೇ. ಆದರೆ ಆ ಒಂದೇ ಮಾತಿನ ಹಿಂದೆ ವಿದ್ಯುತ್ ಕಡಿತ, ತುಂಡಾದ ತಂತು, ಕೆಟ್ಟ ಸ್ವಿಚ್, ತಪ್ಪು ವಿಳಾಸ ಹೀಗೆ ಬೇರೆ ಬೇರೆ ದೋಷಗಳು ಅಡಗಿರುತ್ತವೆ. ದೋಷ ಎಲ್ಲಿದೆ ಎಂದು ಜಿಲ್ಲಾ ಕೇಂದ್ರದಿಂದಲೇ ತಿಳಿದರೆ ತಂತ್ರಜ್ಞನ ಒಂದು ಪ್ರಯಾಣವೂ ರೈತನ ಒಂದು ದಿನವೂ ಉಳಿಯುತ್ತವೆ.

ಒಂದು ಕಲ್ಪಿತ ಉದಾಹರಣೆಯನ್ನು ಗಮನಿಸಬಹುದು. ನಿರ್ವಹಣಾ ಗಣಕ ವಿಜಯಪುರ ನಗರದಲ್ಲಿದ್ದು, ತಿಕೋಟಾ ಮತ್ತು ಬಬಲೇಶ್ವರಗಳ ಸ್ವಿಚ್‌ಗಳು ಪ್ರತ್ಯೇಕ ಮಾರ್ಗಗಳಲ್ಲಿ ಅದಕ್ಕೆ ಸೇರಿವೆ ಎಂದುಕೊಳ್ಳೋಣ. ಎರಡೂ ಊರುಗಳ ಸಾಧನಗಳು ಒಮ್ಮೆಲೇ ಮರೆಯಾದರೆ ದೋಷ ನಗರದ ಕಡೆಗೇ ಇರುವ ಸಾಧ್ಯತೆ ಹೆಚ್ಚು. ಬಬಲೇಶ್ವರದವು ಮಾತ್ರ ಮರೆಯಾದರೆ ಆ ಮಾರ್ಗವನ್ನೋ ಅಲ್ಲಿನ ರೂಟರನ್ನೋ ಶಂಕಿಸಬೇಕು. ತಿಕೋಟಾದ ಐದು ಸ್ವಿಚ್‌ಗಳಲ್ಲಿ ಒಂದು ಮಾತ್ರ ಕಾಣದಿದ್ದರೆ ಮಾರ್ಗ ಸರಿಯಿದೆ. ಆ ಸ್ವಿಚ್ಚನ್ನೇ ಪರಿಶೀಲಿಸಬೇಕು.

ಸಾಮಾನ್ಯ ದೋಷಗಳು

• ಗುಪ್ತಪದದ ವ್ಯತ್ಯಾಸ: ಎಸ್‌ಎನ್‌ಎಂಪಿಯ ಮೊದಲೆರಡು ಆವೃತ್ತಿಗಳಲ್ಲಿ 'ಕಮ್ಯುನಿಟಿ' ಎಂಬ ಪದವೇ ಗುಪ್ತಪದ. ಅದು ತಪ್ಪಿದ್ದರೆ ಸ್ವಿಚ್ 'ತಪ್ಪು' ಎಂದು ಹೇಳುವುದಿಲ್ಲ, ಮೌನವಾಗಿರುತ್ತದೆ. ಹೀಗಾಗಿ ತಪ್ಪು ಗುಪ್ತಪದವೂ ಸತ್ತ ಸಾಧನವೂ ತಂತ್ರಾಂಶಕ್ಕೆ ಒಂದೇ ರೀತಿ ಕಾಣುತ್ತವೆ.
• ಹೊರದಾರಿಯ ವಿಳಾಸವಿಲ್ಲದಿರುವುದು: ಸ್ವಿಚ್ಚಿಗೆ 'ಡೀಫಾಲ್ಟ್ ಗೇಟ್‌ವೇ' ನಮೂದಿಸದಿದ್ದರೆ ಅದು ತನ್ನ ಉಪಜಾಲದ ಗಣಕಕ್ಕೆ ಉತ್ತರಿಸುತ್ತದೆ, ದೂರದ ಜಿಲ್ಲಾ ಕೇಂದ್ರಕ್ಕೆ ಉತ್ತರಿಸುವುದಿಲ್ಲ. ಕಚೇರಿಯ ಕೆಲಸ ಮಾತ್ರ ಎಂದಿನಂತೆ ನಡೆದಿರುತ್ತದೆ.
• ಪಿಂಗ್ ತಡೆ: ಅಗ್ನಿಗೋಡೆ ಐಸಿಎಂಪಿಯನ್ನು ತಡೆದರೆ, ಪಿಂಗ್‌ನಿಂದ ಆರಂಭಿಸುವ ತಂತ್ರಾಂಶ ಮುಂದಿನ ಹಂತಕ್ಕೆ ಹೋಗುವುದೇ ಇಲ್ಲ.
• ಕಾಲಾವಧಿ ಸಾಲದಿರುವುದು: ಯುಡಿಪಿಯಲ್ಲಿ ಕಳೆದುಹೋದ ಸಂದೇಶ ತಾನಾಗಿ ಮರುರವಾನೆಯಾಗದು. ನಿಧಾನಗತಿಯ ಮಾರ್ಗದಲ್ಲಿ ಕಾಯುವ ಅವಧಿ ಮತ್ತು ಮರುಪ್ರಯತ್ನಗಳನ್ನು ಹೆಚ್ಚಿಸಬೇಕಾಗುತ್ತದೆ.
• ಒಂದೇ ವಿಳಾಸ ಇಬ್ಬರಿಗೆ: ಒಂದೇ ಐಪಿ ವಿಳಾಸವನ್ನು ಎರಡು ಸಾಧನಗಳಿಗೆ ಕೊಟ್ಟರೆ ಸಾಧನ ಒಮ್ಮೆ ಕಾಣುತ್ತದೆ, ಒಮ್ಮೆ ಮರೆಯಾಗುತ್ತದೆ.
• ಅಪರಿಚಿತ ಮಾದರಿ: ಹೊಸ ಮಾದರಿಯ ಸಂಖ್ಯಾಸರಣಿ ತಂತ್ರಾಂಶದ ಪಟ್ಟಿಯಲ್ಲಿ ಇಲ್ಲದಿದ್ದರೆ ಸ್ವಿಚ್ 'ಅಜ್ಞಾತ' ಎಂದು ದಾಖಲಾಗುತ್ತದೆ.
• ನಿರ್ವಹಣಾರಹಿತ ಸ್ವಿಚ್: ಐಪಿ ವಿಳಾಸವೇ ಇಲ್ಲದ ಅಗ್ಗದ ಸ್ವಿಚ್‌ಗಳು ಈ ವಿಧಾನದಲ್ಲಿ ಎಂದೂ ಪತ್ತೆಯಾಗುವುದಿಲ್ಲ.

ನಕ್ಷೆಯಲ್ಲಿ ಗೆರೆಗಳು ಕಾಣದಿದ್ದರೆ ಎಲ್‌ಎಲ್‌ಡಿಪಿ ಸ್ಥಗಿತವಾಗಿದೆಯೇ ಎಂದು ನೋಡಬೇಕು. ಇದರ ಸಂದೇಶಗಳು ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಹೊರಟು, 120 ಸೆಕೆಂಡುಗಳವರೆಗೆ ನೆರೆಯ ಸಾಧನದ ನೆನಪಿನಲ್ಲಿರುತ್ತವೆ. ಅವು ರೂಟರನ್ನು ದಾಟುವುದಿಲ್ಲ. ಆದ್ದರಿಂದ ವಿಜಯಪುರದ ಗಣಕ ತಿಕೋಟಾದ ಸ್ವಿಚ್ಚಿನ ಎಲ್‌ಎಲ್‌ಡಿಪಿ ಸಂದೇಶವನ್ನು ನೇರವಾಗಿ ಕೇಳಲಾರದು. ಅಲ್ಲಿನ ಸಾಧನದ ಕೋಷ್ಟಕವನ್ನು ಎಸ್‌ಎನ್‌ಎಂಪಿ ಮೂಲಕ ಓದಬೇಕು.

ಪರಿಶೀಲನೆಯ ಕ್ರಮ

ಸರಳವಾದುದರಿಂದ ಜಟಿಲವಾದುದರ ಕಡೆಗೆ ಸಾಗುವುದು ರೂಢಿ.

1. ಸ್ವಿಚ್ಚಿಗೆ ವಿದ್ಯುತ್ ಇದೆಯೇ, ಸಂಪರ್ಕದೀಪ ಉರಿಯುತ್ತಿದೆಯೇ ಎಂದು ಸ್ಥಳೀಯ ಸಿಬ್ಬಂದಿಯನ್ನು ದೂರವಾಣಿಯಲ್ಲಿ ಕೇಳುವುದು.
2. ಅದೇ ಕಚೇರಿಯ ಗಣಕದಿಂದ ಪಿಂಗ್ ಮಾಡಿಸುವುದು.
3. ನಿರ್ವಹಣಾ ಗಣಕದಿಂದ ಪಿಂಗ್ ಮಾಡುವುದು. ಎರಡನೆಯದು ಸಫಲವಾಗಿ ಇದು ವಿಫಲವಾದರೆ ಹೊರದಾರಿಯ ವಿಳಾಸ, ಉಪಜಾಲ ಮುಸುಕು, ಮಾರ್ಗ ಮತ್ತು ನಡುವಿನ ತಡೆಗಳನ್ನು ನೋಡುವುದು.
4. ಪಿಂಗ್ ಸಫಲವಾದರೆ, ನಿರ್ವಹಣಾ ಗಣಕದಿಂದಲೇ ಎಸ್‌ಎನ್‌ಎಂಪಿ ಪ್ರಶ್ನೆಯೊಂದನ್ನು ಕೈಯಾರೆ ಕಳುಹಿಸುವುದು. ಉತ್ತರ ಬಾರದಿದ್ದರೆ ಆವೃತ್ತಿ, ಗುಪ್ತಪದ, ಅನುಮತಿ ಪಟ್ಟಿ ಮತ್ತು 161ನೆಯ ದ್ವಾರವನ್ನು ಪರಿಶೀಲಿಸುವುದು.
5. ಉತ್ತರ ಬಂದರೂ ತಂತ್ರಾಂಶದಲ್ಲಿ ಕಾಣದಿದ್ದರೆ ವಿಳಾಸ ವ್ಯಾಪ್ತಿ, ಪರವಾನಗಿಯ ಮಿತಿ ಮತ್ತು ಹಳೆಯ ದಾಖಲೆಗಳನ್ನು ನೋಡುವುದು.

ಒಮ್ಮೆಗೆ ಒಂದೇ ಬದಲಾವಣೆ ಮಾಡಿ ಫಲಿತಾಂಶವನ್ನು ಬರೆದಿಡಬೇಕು. ಹಲವನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ದೋಷ ನೀಗಿತೆಂಬುದು ತಿಳಿಯದು.

ಸುರಕ್ಷತೆ

ಪತ್ತೆ ಸುಲಭವಾಗಲೆಂದು 'ಪಬ್ಲಿಕ್' ಎಂಬ ಸರ್ವವಿದಿತ ಕಮ್ಯುನಿಟಿ ಪದವನ್ನು ಉಳಿಸಿಕೊಳ್ಳುವುದು ಅಪಾಯಕರ. ಮೊದಲ ಆವೃತ್ತಿಗಳಲ್ಲಿ ಈ ಪದ ಗೂಢಲಿಪಿಯಿಲ್ಲದೆ ಸಾಗುತ್ತದೆ. ಮೂರನೆಯ ಆವೃತ್ತಿಯಲ್ಲಿ ಬಳಕೆದಾರರ ದೃಢೀಕರಣ ಮತ್ತು ಗೂಢಲಿಪೀಕರಣದ ಸೌಲಭ್ಯವಿದೆ. ಓದುವ ಅನುಮತಿಯನ್ನಷ್ಟೇ ಕೊಟ್ಟು, ಅದನ್ನು ನಿರ್ವಹಣಾ ಗಣಕದ ವಿಳಾಸಕ್ಕೆ ಸೀಮಿತಗೊಳಿಸುವುದು ಉಚಿತ. ದೋಷ ಹುಡುಕಲು ಅಗ್ನಿಗೋಡೆಯನ್ನು ತಾತ್ಕಾಲಿಕವಾಗಿ ಸಡಿಲಿಸಿದ್ದರೆ ಕೆಲಸ ಮುಗಿದೊಡನೆ ಮೊದಲಿನ ಸ್ಥಿತಿಗೆ ತರಬೇಕು.