ಗಿಡ್ಡ ನಳಿಗೆಯ ಕೇಪಿನ ಕೋವಿ: ಮಾರಿಕಣಿವೆಯ ಕುರುಚಲಿನಲ್ಲಿ ಈಡು ಮತ್ತು ಗುರಿ

ಕೋವಿಯ ಈಡು ಎಷ್ಟಿರಬೇಕು ಎಂಬ ಪ್ರಶ್ನೆಗೆ ಉತ್ತರವನ್ನು ಕೋವಿಯಲ್ಲಿ ಹುಡುಕುವ ಮೊದಲು ನೆಲದಲ್ಲಿ ಹುಡುಕಬೇಕು. ಚಿತ್ರದುರ್ಗ ಸೀಮೆಯ ಮಾರಿಕಣಿವೆಯ ನೆಲ ಈ ವಿಷಯದಲ್ಲಿ ಸ್ಪಷ್ಟವಾಗಿಯೇ ಮಾತಾಡುತ್ತದೆ. ವೇದಾವತಿ ನದಿ ಗುಡ್ಡಸಾಲನ್ನು ಸೀಳಿಕೊಂಡು ಹೋಗುವ ಈ ಸಂದಿಗೆ ಅಡ್ಡಲಾಗಿ 1898ರಿಂದ 1907ರವರೆಗೆ ಕಟ್ಟಿದ ವಾಣಿ ವಿಲಾಸ ಸಾಗರದ ಸುತ್ತ ಇರುವುದು ಬಂಡೆ, ಮುಳ್ಳುಕಂಟಿ, ಕುರುಚಲು. ಕಾಡಂಚಿನ ಶೇಂಗಾ ಹೊಲಕ್ಕೂ ಮೆಕ್ಕೆಜೋಳದ ಹೊಲಕ್ಕೂ ಹಂದಿ ನುಗ್ಗುವುದು ಕತ್ತಲಾದ ಮೇಲೆ. ಇಂಥ ಕಡೆ ನೂರೈವತ್ತು ಮೀಟರಿನ ಗುರಿಯ ಮಾತು ಬರಿಯ ಪುಸ್ತಕದ ಮಾತು. ಐವತ್ತು ಮೀಟರು ಕಂಡರೆ ಅದೇ ಹೆಚ್ಚು.

ಮದ್ದಿನ ಪರಿಚಯ ಈ ಸೀಮೆಗೆ ಹೊಸದಲ್ಲ. ಚಿತ್ರದುರ್ಗದ ಕೋಟೆಯೊಳಗಿನ ಮದ್ದು ಬೀಸುವ ಕಲ್ಲುಗಳನ್ನು ನೋಡಿದವರಿಗೆ, 1779ರಲ್ಲಿ ಹೈದರಾಲಿಗೆ ಸೋಲುವ ಮುಂಚೆ ನಾಯಕರ ಆಡಳಿತ ಪೆಟ್ಲುಪ್ಪು, ಗಂಧಕ, ಇದ್ದಿಲನ್ನು ಎಷ್ಟು ದೊಡ್ಡ ಪ್ರಮಾಣದಲ್ಲಿ ಅರೆಸುತ್ತಿತ್ತು ಎಂಬುದು ಹೊಳೆಯುತ್ತದೆ. ಅರೆಯುವ ಕೆಲಸಕ್ಕೆ ಅಷ್ಟು ದೊಡ್ಡ ಕಲ್ಲು ಬೇಕಾದದ್ದೂ ಸುಮ್ಮನಲ್ಲ. ಮೂರೂ ವಸ್ತು ಎಷ್ಟು ಒಂದಾಗಿ ಬೆರೆಯುತ್ತವೆಯೋ ಮದ್ದು ಅಷ್ಟು ಬೇಗ ಉರಿಯುತ್ತದೆ. ನಳಿಗೆ ಗಿಡ್ಡವಾದಷ್ಟೂ ಈ ಬೇಗಕ್ಕೆ ಬೆಲೆ ಹೆಚ್ಚು.

ಕಾನೂನಿನ ಮಾತನ್ನು ಇಲ್ಲಿಯೇ ಮುಗಿಸುತ್ತೇನೆ. 1959ರ ಶಸ್ತ್ರಾಸ್ತ್ರ ಕಾಯಿದೆಯ 13ನೆಯ ಕಲಮು ರಕ್ಷಣೆಗೋ ಕ್ರೀಡೆಗೋ ಬಳಸುವ, ಒಳಗೆ ಸುರುಳಿ ಗೀರಿಲ್ಲದ ನಯ ನಳಿಗೆಯ ಕೋವಿಗೆ ಕನಿಷ್ಠ 20 ಇಂಚಿನ ಉದ್ದವನ್ನು ವಿಧಿಸುತ್ತದೆ. ಬೆಳೆ ಕಾಯಲು ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು (ಕೇಪಿನ ಕೋವಿ ಈ ಬಗೆಯದೇ) ಬೇರೆಯಾಗಿ ಹೆಸರಿಸಿ, ಅದಕ್ಕೆ ಯಾವ ಅಳತೆಯನ್ನೂ ಹೇಳುವುದಿಲ್ಲ. ಹಾಗೆಂದು ಮನೆಯ ಹಳೆಯ ಕೋವಿಯನ್ನು ಗರಗಸಕ್ಕೆ ಕೊಡುವಂತಿಲ್ಲ, ಪರವಾನಗಿಯಿಲ್ಲದೆ ನಳಿಗೆ ಮೋಟು ಮಾಡುವುದನ್ನು 6ನೆಯ ಕಲಮು ತಡೆಯುತ್ತದೆ. ಇನ್ನು 1972ರ ವನ್ಯಜೀವಿ ಕಾಯಿದೆಯ ಪ್ರಕಾರ ಈಗ ಬೇಟೆ ಎಂಬುದೇ ಇಲ್ಲ. ಬೆಳೆ ಹಾಳುಮಾಡುವ ಹಂದಿಗೂ ಅಧಿಕಾರಿಯ ಲಿಖಿತ ಅನುಮತಿ ಬೇಕು. ಆದ್ದರಿಂದ ಮುಂದಿನ ಲೆಕ್ಕಾಚಾರವನ್ನು ಕೋವಿಯ ಚರಿತ್ರೆ ಮತ್ತು ಭೌತಶಾಸ್ತ್ರವೆಂದೇ ಓದಬೇಕು.

ಮದ್ದು ಹೆಚ್ಚಿದರೆ ಪೆಟ್ಟು ಹೆಚ್ಚುತ್ತದೆ ಎಂಬ ನಂಬಿಕೆ ಒಂದು ಮಿತಿಯವರೆಗೆ ಮಾತ್ರ ನಿಜ. ಕರಿಮದ್ದು ಉರಿದಾಗ ಅದರ ತೂಕದ ಅರ್ಧಕ್ಕಿಂತ ಹೆಚ್ಚು ಭಾಗ ಅನಿಲವಾಗದೆ ಹೊಗೆಯ ಕಣವಾಗಿ, ಕಿಟ್ಟವಾಗಿ ಉಳಿಯುತ್ತದೆ. ತುಂಬಿದ್ದು ಹೆಚ್ಚಾದರೆ ಈ ಸತ್ತ ತೂಕವನ್ನೂ ಗುಂಡಿನ ಬೆನ್ನಿಗೆ ನಳಿಗೆಯಿಂದ ತಳ್ಳಬೇಕು. ಕೇಪಿನ ಕೋವಿಯ ಆಸಕ್ತರಲ್ಲಿ ಡೇವನ್‌ಪೋರ್ಟ್ ಸೂತ್ರವೆಂದು ಬಳಕೆಯಲ್ಲಿರುವ ಒಂದು ಅಂದಾಜಿದೆ: ನಳಿಗೆಯ ಒಳಗಿನ ಪ್ರತಿ ಘನ ಇಂಚಿಗೆ ಹನ್ನೊಂದೂವರೆ ಗ್ರೇನು ಮದ್ದು ದಕ್ಷವಾಗಿ ದುಡಿಯುತ್ತದೆ. ಅರ್ಧ ಇಂಚು ಬಾಯಿಯ, 28 ಇಂಚು ಉದ್ದದ ನಳಿಗೆಗೆ ಇದು 63 ಗ್ರೇನು, ಸುಮಾರು 4.1 ಗ್ರಾಂ. ಅದೇ ಬಾಯಿಯ 20 ಇಂಚಿನ ನಳಿಗೆಗೆ 45 ಗ್ರೇನು, ಸುಮಾರು 2.9 ಗ್ರಾಂ. ಇದಕ್ಕೂ ಮೇಲೆ ಸುರಿದರೆ ವೇಗ ಏರುವುದು ಅಷ್ಟಿಷ್ಟು. ಬೆಂಕಿಯ ನಾಲಗೆ, ಹೊಗೆ, ಹೆಗಲಿನ ಹೊಡೆತ ಮಾತ್ರ ಧಾರಾಳ. ಕಾಳು ನುಣ್ಣಗಾದರೆ ಒತ್ತಡ ಬೇಗ ಏರುವುದರಿಂದ ಪ್ರಮಾಣ ಇನ್ನೂ ತಗ್ಗಬೇಕು. ತೋಟಾದೊಳಗಿನ ಹೊಗೆರಹಿತ ಮದ್ದನ್ನು ಬಿಚ್ಚಿ ಇಂಥ ಕೋವಿಗೆ ತುಂಬುವುದಂತೂ ನಳಿಗೆ ಸಿಡಿಸುವ ಹುಚ್ಚು.

ಇದಕ್ಕೆ ಎದುರು ವಾದವಿದೆ, ಅದು ಬಲವಾದದ್ದೂ ಹೌದು. ಮಧ್ಯಭಾರತದ ಕಾಡುಗಳಲ್ಲಿ ಅಲೆದ ಜೇಮ್ಸ್ ಫೋರ್ಸೈತ್ 1860ರ ದಶಕದಲ್ಲಿ ಬೇಟೆ ರೈಫಲ್ಲುಗಳ ಮೇಲೆ ಪುಸ್ತಕ ಬರೆದು, ದಪ್ಪ ದುಂಡುಗುಂಡು, ಭರ್ಜರಿ ಮದ್ದು, 104 ಇಂಚಿಗೆ ಒಂದೇ ಸುತ್ತು ತಿರುಗುವ ನಿಧಾನದ ಗೀರು ಇವೇ ಸರಿ ಎಂದ. ಗುಂಡಿನ ದಾರಿ ಚಪ್ಪಟೆಯಾಗಿರಬೇಕು, ದೂರದ ಅಂದಾಜು ತಪ್ಪಿದರೂ ಪೆಟ್ಟು ತಪ್ಪಬಾರದು ಎಂಬುದು ಅವನ ತರ್ಕ. ನಿಧಾನದ ಗೀರಿನ ಬಗ್ಗೆ ತಕರಾರಿಲ್ಲ: 1800ರಲ್ಲಿ ಬ್ರಿಟಿಷ್ ಸೇನೆಗೆ ಬಂದ ಬೇಕರ್ ರೈಫಲ್ಲಿನ 30 ಇಂಚಿನ ನಳಿಗೆಯಲ್ಲಿ ಗೀರು ಕಾಲು ಸುತ್ತಷ್ಟೇ ತಿರುಗುತ್ತಿತ್ತು, ದುಂಡುಗುಂಡಿಗೆ ಅಷ್ಟು ಸಾಕಾಗಿತ್ತು. ಭರ್ಜರಿ ಮದ್ದಿನ ವಾದ ಮಾತ್ರ ಮಾರಿಕಣಿವೆಯ ದೂರಕ್ಕೆ ಒಗ್ಗುವುದಿಲ್ಲ. ಸ್ಥೂಲ ಲೆಕ್ಕ ಹೀಗಿದೆ. ಐವತ್ತು ಮೀಟರಿಗೆ ಗುರಿ ಕೂಡಿಸಿದ ಕೋವಿಯಿಂದ ಅರವತ್ತು ಮೀಟರಿಗೆ ಹೊಡೆದರೆ, ಸೆಕೆಂಡಿಗೆ 300 ಮೀಟರ್ ವೇಗದಲ್ಲಿ ಹೊರಟ ಗುಂಡು ಸುಮಾರು 5 ಸೆಂ.ಮೀ. ಕೆಳಗೆ ಬೀಳುತ್ತದೆ, 400 ಮೀಟರಿನ ವೇಗದ್ದು ಸುಮಾರು 3 ಸೆಂ.ಮೀ. ಅಷ್ಟು ಮದ್ದು ಸುಟ್ಟು ಗಳಿಸಿದ್ದು ಎರಡು ಬೆರಳಿನ ಅಗಲಕ್ಕಿಂತ ಕಡಿಮೆ.

ಗುರಿಯ ಲೆಕ್ಕ ಇದಕ್ಕಿಂತ ನಿಷ್ಠುರ. ನಳಿಗೆಯ ತುದಿಯ ಮಣಿಗೂ ಹಿಂದಿನ ಕಚ್ಚಿಗೂ 70 ಸೆಂ.ಮೀ. ಅಂತರವಿದ್ದಾಗ, ಕಣ್ಣು ಅವೆರಡನ್ನು ಒಂದು ಮಿಲಿಮೀಟರ್ ತಪ್ಪಾಗಿ ಕೂಡಿಸಿದರೆ ಐವತ್ತು ಮೀಟರಿನಲ್ಲಿ ಪೆಟ್ಟು 7 ಸೆಂ.ಮೀ. ಸರಿಯುತ್ತದೆ. ಗಿಡ್ಡ ನಳಿಗೆಯಲ್ಲಿ ಆ ಅಂತರ 40 ಸೆಂ.ಮೀ.ಗೆ ಇಳಿದರೆ ಅದೇ ತಪ್ಪಿಗೆ ಹನ್ನೆರಡೂವರೆ ಸೆಂ.ಮೀ. ಗಿಡ್ಡ ನಳಿಗೆ ನಿಜವಾಗಿ ಕಳೆದುಕೊಳ್ಳುವುದು ವೇಗವನ್ನಲ್ಲ, ಈ ಅಂತರವನ್ನು. ಹಿಂದಿನ ಕಚ್ಚನ್ನು ತೆಗೆದು, ನಳಿಗೆಯ ಬುಡದಾಚೆ ಹಿಡಿಯ ಕುತ್ತಿಗೆಯ ಮೇಲೆ ಅಗಲ ತೂತಿನ ಕಿಂಡಿಯೊಂದನ್ನು ಕೂರಿಸಿದರೆ ಅಂತರ ಮತ್ತೆ 55 ಸೆಂ.ಮೀ.ವರೆಗೆ ಬೆಳೆಯುತ್ತದೆ, ತಪ್ಪು 9 ಸೆಂ.ಮೀ.ಗೆ ಇಳಿಯುತ್ತದೆ. ಕಿಂಡಿಯ ತೂತು ದೊಡ್ಡದಿರಬೇಕು. ಸಂಜೆಯ ಮಬ್ಬಿನಲ್ಲಿ ಸಣ್ಣ ತೂತು ಕಣ್ಣಿಗೆ ಮುಚ್ಚಿದ ಬಾಗಿಲು. ವಯಸ್ಸಾದ ಕಣ್ಣಿಗೂ ಇದೇ ಅನುಕೂಲ, ಹತ್ತಿರದ ಕಚ್ಚಿನ ಮೇಲೆ ದೃಷ್ಟಿ ನಿಲ್ಲಿಸುವ ಕಷ್ಟ ಇರುವುದಿಲ್ಲ.

ಕಿಂಡಿ ಕೂತ ಮೇಲೆ ಉಳಿಯುವುದು ತುದಿಯ ಮಣಿಯ ಎತ್ತರ. ಅದನ್ನು ಅರದಿಂದ ಉಜ್ಜಿದರೆ ಪೆಟ್ಟು ಮೇಲೇರುತ್ತದೆ, ಉಜ್ಜಿದ್ದನ್ನು ಮತ್ತೆ ಅಂಟಿಸಲಾಗದು. ಆದ್ದರಿಂದ ಮಣಿಯನ್ನು ಮೊದಲು ಬೇಕೆಂದೇ ಎತ್ತರವಾಗಿ ಬಿಟ್ಟು, ಮದ್ದಿನ ಅಳತೆ, ಗುಂಡಿಗೆ ಸುತ್ತುವ ಬಟ್ಟೆಯ ದಪ್ಪ, ಗಜ ಒತ್ತುವ ಬಿಗಿ ಇವು ಮೂರೂ ಖಾಯಂ ಆದ ಮೇಲಷ್ಟೇ ಅರ ಮುಟ್ಟಿಸಬೇಕು. 55 ಸೆಂ.ಮೀ. ಅಂತರದಲ್ಲಿ ಮಿಲಿಮೀಟರಿನ ಹತ್ತನೆಯ ಒಂದು ಭಾಗ ಉಜ್ಜಿದರೂ ಐವತ್ತು ಮೀಟರಿನಲ್ಲಿ ಪೆಟ್ಟು ಸುಮಾರು 9 ಮಿಲಿಮೀಟರ್ ಮೇಲಕ್ಕೆ ಹೋಗುತ್ತದೆ.