ಬಳಪದ ಕಲ್ಲಿಗೆ ಎಷ್ಟು ಬೆಳಕು: ಹಾಸನ ಸೀಮೆಯ ಛಾಯಾಗ್ರಹಣದ ಹಿನ್ನೋಟ

ಕ್ಯಾಮೆರಾದ ಒಳಕ್ಕೆ ಎಷ್ಟು ಬೆಳಕನ್ನು ಎಷ್ಟು ಹೊತ್ತು ಬಿಡಬೇಕೆಂಬ ನಿರ್ಧಾರವನ್ನು ಛಾಯಾಗ್ರಾಹಕರ ರೂಢಿಯಲ್ಲಿ ಎಕ್ಸ್‌ಪೋಷರ್ ಎನ್ನುತ್ತಾರೆ. ಲೆನ್ಸಿನೊಳಗೆ ಹಿಗ್ಗಿ ಕುಗ್ಗುವ ಕಿಂಡಿಯಾದ ಅಪರ್ಚರ್, ಬೆಳಕಿನ ಬಾಗಿಲನ್ನು ತೆರೆದು ಮುಚ್ಚುವ ಷಟರ್, ಫಿಲಂ ಅಥವಾ ಸೆನ್ಸರಿನ ಗ್ರಹಣಶಕ್ತಿಯನ್ನು ಹೇಳುವ ಐಎಸ್‌ಒ ಸಂಖ್ಯೆ, ಈ ಮೂರನ್ನೂ ಒಂದಕ್ಕೊಂದು ಹೊಂದಿಸುವುದೇ ಆ ನಿರ್ಧಾರದ ಕೆಲಸ. ಹಾಸನ ಜಿಲ್ಲೆಯಲ್ಲಿ ಈ ಕೆಲಸಕ್ಕೆ ಸುಮಾರು 170 ವರ್ಷಗಳ ಇತಿಹಾಸವಿದ್ದು, ಅದನ್ನು ಬದಲಾಗುತ್ತ ಬಂದ ಯಂತ್ರಗಳಷ್ಟೇ ಬಲವಾಗಿ ಎರಡು ಬಗೆಯ ಕಲ್ಲುಗಳೂ ತಿದ್ದಿವೆ. ಬೇಲೂರು, ಹಳೇಬೀಡು, ದೊಡ್ಡಗದ್ದವಳ್ಳಿ, ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿ ಮೊದಲಾದೆಡೆಗಳ ಹೊಯ್ಸಳ ಗುಡಿಗಳನ್ನು ಕಟ್ಟಿದ, ಬೆಳಕನ್ನು ನುಂಗುವ ಬಳಪದ ಕಲ್ಲು ಒಂದು; ಅದೇ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಬಯಲು ಆಕಾಶಕ್ಕೆ ಬೆನ್ನುಕೊಟ್ಟು ನಿಂತ ಗೊಮ್ಮಟನ ತಿಳಿಬಣ್ಣದ ಗ್ರಾನೈಟ್ ಇನ್ನೊಂದು.

ಈ ಗುಡಿಗಳ ಮುಂದೆ ಕ್ಯಾಮೆರಾ ಬಂದು ನಿಂತದ್ದು ಬಹಳ ಬೇಗ. ಪ್ಯಾರಿಸ್ಸಿನಲ್ಲಿ ಛಾಯಾಗ್ರಹಣದ ಶೋಧವನ್ನು ಸಾರಿದ್ದು 1839ರಲ್ಲಿ. ಅದಾಗಿ ಹದಿನೈದೇ ವರ್ಷಕ್ಕೆ, 1854ರ ಡಿಸೆಂಬರಿನಲ್ಲಿ, ಬೆಂಗಳೂರಿನ ದಂಡಿನಲ್ಲಿದ್ದ ಕ್ಯಾಪ್ಟನ್ ಲಿನೇಯಸ್ ಟ್ರೈಪ್ ಬೇಲೂರು ಮತ್ತು ಹಳೇಬೀಡುಗಳಲ್ಲಿ ಚಿತ್ರ ತೆಗೆದನು, ಮರುವರ್ಷದ ಫೆಬ್ರವರಿಯಲ್ಲಿ ಮದರಾಸಿನ ವಸ್ತುಪ್ರದರ್ಶನದಲ್ಲಿ 68 ಚಿತ್ರಗಳನ್ನು ಇಟ್ಟನು. ರಿಚರ್ಡ್ ಬ್ಯಾನರ್ ಓಕ್ಲಿ ಎಂಬವನು ಹಳೇಬೀಡಿನ ಗುಡಿಯೊಂದನ್ನೇ ಕುರಿತು 56 ಚಿತ್ರಗಳ ಸಂಪುಟವನ್ನು 1859ರಲ್ಲಿ ಲಂಡನ್ನಿನಲ್ಲಿ ಹೊರತಂದನು; ವೈದ್ಯರಾಗಿದ್ದ ಪಿಗೌ ಮತ್ತು ನೀಲ್ ತೆಗೆದ ಚಿತ್ರಗಳು, ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗುಸನ್ನರ ಬರಹದೊಡನೆ, ಧಾರವಾಡ ಮತ್ತು ಮೈಸೂರುಗಳ ವಾಸ್ತುವನ್ನು ಕುರಿತ 1866ರ ಗ್ರಂಥದಲ್ಲಿ ಸೇರಿದವು.

ಟ್ರೈಪ್ ಬಳಸುತ್ತಿದ್ದುದು ಬೆಳ್ಳಿಯ ಲವಣ ಸವರಿದ ಕಾಗದದ ನೆಗೆಟಿವ್. ಆ ಕಾಗದಕ್ಕೆ ಬೆಳಕು ಊರಲು ಬಿಸಿಲಿನಲ್ಲಿಯೂ ನಿಮಿಷಗಟ್ಟಲೆ ಬೇಕಾಗುತ್ತಿದ್ದುದರಿಂದ ಷಟರಿನ ಅಗತ್ಯವೇ ಇರಲಿಲ್ಲ. ಲೆನ್ಸಿನ ಮುಚ್ಚಳವನ್ನು ತೆಗೆದು, ಗಡಿಯಾರ ನೋಡಿ, ಮತ್ತೆ ಮುಚ್ಚಿದರೆ ಆಯಿತು. ಆದರೆ ಆ ಲವಣ ನೀಲಿ ಬೆಳಕಿಗೆ ಮಾತ್ರ ಚುರುಕಾಗಿದ್ದು, ಹಸಿರು ಬೆರೆತ ಬೂದುಬಣ್ಣದ ಬಳಪದ ಕಲ್ಲಿನ ಮಟ್ಟಿಗೆ ತೀರ ಮಂದವಾಗಿತ್ತು. ಹೀಗಾಗಿ ಗೋಡೆಯ ಆನೆಸಾಲು ಮೂಡುವಷ್ಟು ಹೊತ್ತು ಕಾದರೆ ಆಕಾಶ ಸುಟ್ಟು ಬರಿಯ ಬಿಳಿಯಾಗುತ್ತಿತ್ತು, ಆಕಾಶಕ್ಕೆ ತಕ್ಕಂತೆ ನಿಲ್ಲಿಸಿದರೆ ಗೋಡೆ ಕತ್ತಲಲ್ಲಿ ಮುಳುಗುತ್ತಿತ್ತು. 1855ರಲ್ಲಿ ಬರ್ಮಾದಲ್ಲಿ ತೆಗೆದ ನೆಗೆಟಿವ್‌ಗಳ ಮೇಲೆ ಟ್ರೈಪ್ ಕೈಯಾರೆ ಬಣ್ಣ ಹಚ್ಚಿ ಮೋಡಗಳನ್ನು ಬರೆದದ್ದು ಈ ಇಕ್ಕಟ್ಟಿನಿಂದ ಪಾರಾಗುವುದಕ್ಕಾಗಿಯೇ. ಅದನ್ನು ಮೋಸವೆನ್ನುವುದು ಸರಿಯಾಗದು. ಕಲ್ಲಿಗೆ ನ್ಯಾಯ ಸಲ್ಲಿಸಲು ಆಕಾಶವನ್ನು ತೆತ್ತವನು, ತೆತ್ತದ್ದನ್ನು ಕುಂಚದಿಂದ ಮರಳಿ ಪಡೆಯಲು ಯತ್ನಿಸಿದನು.

1885ರಲ್ಲಿ ಮೈಸೂರು ಸಂಸ್ಥಾನದ ಪುರಾತತ್ತ್ವ ಇಲಾಖೆ ಹುಟ್ಟಿದ ಮೇಲೆ, ಬಿ. ಎಲ್. ರೈಸ್ ಮತ್ತು ಅವರ ಬಳಿಕ ಆರ್. ನರಸಿಂಹಾಚಾರ್ಯರ ಕಾಲದಲ್ಲಿ, ಶಾಸನಗಳ ಅಚ್ಚಿನ ಜೊತೆಗೆ ಗುಡಿಗಳ ಫೋಟೋ ತೆಗೆಯುವುದೂ ಆಡಳಿತದ ಕ್ರಮವಾಯಿತು. ಬೇಲೂರು ಮತ್ತು ದೊಡ್ಡಗದ್ದವಳ್ಳಿಗಳನ್ನು ಕುರಿತ ನರಸಿಂಹಾಚಾರ್ಯರ ಕಿರುಗ್ರಂಥಗಳು 1919ರಲ್ಲಿ ಬಂದವು. ಆ ವೇಳೆಗೆ ಗಾಜಿನ ಒಣತಟ್ಟೆಗಳು ರೂಢಿಗೆ ಬಂದು ಹೊರಗಿನ ಚಿತ್ರ ಕ್ಷಣದ ಕೆಲಸವಾಗಿತ್ತಾದರೂ, ಜಾಲಂಧ್ರಗಳಿಂದ ಸೋಸಿ ಬರುವ ಬೆಳಕಷ್ಟೇ ಇರುವ, ಗುಡಿಯ ಒಳಮಂಟಪವಾದ ನವರಂಗದೊಳಗೆ ಹಳೆಯ ಕಷ್ಟವೇ ಬೇರೆ ರೂಪದಲ್ಲಿ ಉಳಿಯಿತು. ಬೆಳಕು ತೀರ ಕಡಿಮೆಯಾದಾಗ ಬೆಳ್ಳಿಯ ಲವಣ ಲೆಕ್ಕಕ್ಕಿಂತಲೂ ಮಂದವಾಗುತ್ತದೆ, ಎಂದರೆ ಒಂದು ನಿಮಿಷ ಸಾಕೆಂದು ಗಣಿತ ಹೇಳಿದಲ್ಲಿ ಎರಡು ಮೂರು ನಿಮಿಷ ಬೇಕಾಗಬಹುದು. ಜರ್ಮನಿಯ ಖಗೋಳಶಾಸ್ತ್ರಜ್ಞ ಕಾರ್ಲ್ ಶ್ವಾರ್ಟ್ಸ್‌ಶಿಲ್ಡ್ ನಕ್ಷತ್ರಗಳ ಚಿತ್ರ ತೆಗೆಯುತ್ತ ಗುರುತಿಸಿದ ಈ ನಿಯಮವು ನವರಂಗದ ಕಂಬಗಳಿಗೂ ಅಷ್ಟೇ ಅನ್ವಯಿಸುತ್ತದೆ.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಂಥ ಊರುಗಳ ಪೇಟೆಬೀದಿಯ ಸ್ಟುಡಿಯೋಗಳ ಲೋಕ ಇದಕ್ಕಿಂತ ಬೇರೆ. ಅಲ್ಲಿ ಕಲ್ಲಿನ ಜಾಗದಲ್ಲಿ ಮನುಷ್ಯನ ಮುಖವಿತ್ತು, ಮತ್ತು ಫಿಲಂ ದುಬಾರಿಯಾಗಿತ್ತು: ಯಾಶಿಕಾದಂಥ ಎರಡು ಲೆನ್ಸಿನ ಕ್ಯಾಮೆರಾಗೆ ಹಾಕುವ 120 ಅಳತೆಯ ಒಂದು ಸುರುಳಿಯಲ್ಲಿ ಹನ್ನೆರಡೇ ಚಿತ್ರ. ಜರ್ಮನಿಯ ಓರ್ವೋ ಫಿಲಮ್ಮಾಗಲಿ, ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ಇಂದು ಫಿಲಮ್ಮಾಗಲಿ, ಬಿಸಿಲಿಗಿಷ್ಟು ಮೋಡಕ್ಕಿಷ್ಟು ಎಂಬ ಸರಳ ಸೂತ್ರವನ್ನು ಬಾಯಿಪಾಠ ಮಾಡಿದವನಿಗೆ ಬೆಳಕನ್ನು ಅಳೆಯುವ ಮೀಟರ್ ಬೇಕಿರಲಿಲ್ಲ. ನಿಚ್ಚಳ ಬಿಸಿಲಿನಲ್ಲಿ ಅಪರ್ಚರನ್ನು 16ಕ್ಕೆ ಇಟ್ಟು, ಫಿಲಮ್ಮಿನ ಸಂಖ್ಯೆ 125 ಆದರೆ ಷಟರನ್ನು ಸೆಕೆಂಡಿನ 125ನೆಯ ಒಂದು ಭಾಗಕ್ಕೆ ಇಡುವುದು ಆ ಸೂತ್ರದ ತಿರುಳು. ಆದರೆ ಮೋಡವೆಂಬುದು ಈ ಜಿಲ್ಲೆಯಲ್ಲಿ ಒಂದೇ ತೆರನಾಗಿಲ್ಲ. ಅರ್ಕೇಶ್ವರನ, ಎಂದರೆ ಸೂರ್ಯನ, ಹೆಸರು ಹೊತ್ತ ಅರಕಲಗೂಡು ಮಲೆನಾಡಿನ ಅಂಚಿನಲ್ಲಿರುವುದರಿಂದ ಆಷಾಢದಲ್ಲಿ ಅಲ್ಲಿ ದಿನಗಟ್ಟಲೆ ದಟ್ಟ ಮೋಡ ಕವಿದರೆ, ಬಯಲುಸೀಮೆಯ ಚನ್ನರಾಯಪಟ್ಟಣದಲ್ಲಿ ಅದೇ ತಿಂಗಳು ತೆಳುಮೋಡ ಓಡುತ್ತ ಗಳಿಗೆಗೊಮ್ಮೆ ಬಿಸಿಲು ಇಣುಕುತ್ತದೆ. ಅಚ್ಚಾದ ಸೂತ್ರವನ್ನು ತನ್ನ ಊರಿನ ಆಕಾಶಕ್ಕೆ ತಿದ್ದಿಕೊಳ್ಳುವುದೇ ಸ್ಟುಡಿಯೋದವನ ವಿದ್ಯೆಯಾಗಿತ್ತು.

ಮದುವೆಯ ಧಾರೆಯ ಹೊತ್ತಿಗೆ ಲೆಕ್ಕವನ್ನು ಫ್ಲ್ಯಾಶಿನ ದೂರ ನಿರ್ಧರಿಸುತ್ತಿತ್ತು: ಫ್ಲ್ಯಾಶಿನ ಶಕ್ತಿಯನ್ನು ಸೂಚಿಸುವ ಸಂಖ್ಯೆ 28 ಆಗಿದ್ದು ವಧೂವರರು ಮೂರೂವರೆ ಮೀಟರ್ ದೂರದಲ್ಲಿದ್ದರೆ ಭಾಗಿಸಿ ಬಂದ 8 ಅಪರ್ಚರ್ ಆಗುತ್ತದೆ. ಸಂದೇಹವಿದ್ದಾಗ ಸ್ಟುಡಿಯೋದವರು ಬೆಳಕನ್ನು ಸ್ವಲ್ಪ ಹೆಚ್ಚಿಗೆಯೇ ಕೊಡುತ್ತಿದ್ದರು, ಏಕೆಂದರೆ ನೆಗೆಟಿವ್ ‘ಓವರ್’ ಆದರೆ ಡಾರ್ಕ್‌ರೂಮಿನಲ್ಲಿ ಪ್ರಿಂಟ್ ಹಾಕುವಾಗ ಸರಿಪಡಿಸಬಹುದು, ‘ಅಂಡರ್’ ಆದರೆ ನೆರಳಿನ ಭಾಗದಲ್ಲಿ ಏನೂ ದಾಖಲಾಗಿರುವುದೇ ಇಲ್ಲ.

ಕ್ಯಾಮೆರಾದೊಳಗೇ ಮೀಟರ್ ಬಂದಾಗ ಅಳತೆಯ ಕಷ್ಟ ಮುಗಿಯಿತೆಂದು ತೋರಿತಾದರೂ ಈ ಜಿಲ್ಲೆಯ ಎರಡು ಕಲ್ಲುಗಳ ಮುಂದೆ ಅದರ ದೋಷ ಬಯಲಾಗುತ್ತದೆ. ತನ್ನೆದುರಿನ ದೃಶ್ಯ ಬಿದ್ದ ಬೆಳಕಿನಲ್ಲಿ ಸರಾಸರಿ ಶೇ. 18ರಷ್ಟನ್ನು ಮರಳಿಸುವ ನಡುಬೂದಿಯೆಂದು ಮೀಟರ್ ಸ್ಥೂಲವಾಗಿ ನಂಬುತ್ತದೆ. ಹಳೇಬೀಡಿನ ಗೋಡೆ ಅದಕ್ಕಿಂತ ಕಪ್ಪು. ಹಾಗಾಗಿ ಮೀಟರಿನ ಮಾತು ಕೇಳಿದರೆ ಕಲ್ಲು ಬಿಳಿಚಿಕೊಂಡು ಸಿಮೆಂಟಿನಂತೆ ಕಾಣುತ್ತದೆ, ಉಳಿಯ ಹದವೆಲ್ಲ ಮಾಸುತ್ತದೆ. ಗೊಮ್ಮಟನದು ಇದರ ವಿರುದ್ಧ ಕಥೆ. 10ನೆಯ ಶತಮಾನದ ಕೊನೆಯಲ್ಲಿ ಚಾವುಂಡರಾಯನು ಕಡೆಯಿಸಿದ, ಸುಮಾರು 58 ಅಡಿ ಎತ್ತರದ ಆ ಮೂರ್ತಿ ಉತ್ತರಕ್ಕೆ ಮುಖಮಾಡಿ ನಿಂತಿದೆ. 1981ರ ಸಹಸ್ರಮಾನೋತ್ಸವ ಫೆಬ್ರವರಿಯಲ್ಲಿ, 1993ರ ಮಹಾಮಸ್ತಕಾಭಿಷೇಕ ಡಿಸೆಂಬರಿನಲ್ಲಿ, 2006 ಮತ್ತು 2018ರವು ಮತ್ತೆ ಫೆಬ್ರವರಿಯಲ್ಲಿ ನಡೆದವು. ಆ ತಿಂಗಳುಗಳಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಮೂರ್ತಿಯ ಬೆನ್ನಿಗೆ ಬಿಸಿಲು, ಮುಖಕ್ಕೆ ನೆರಳು. ಹಿಂದಿನ ಆಕಾಶದ ಉಜ್ವಲತೆಗೆ ಮೋಸಹೋದ ಮೀಟರ್ ಬೆಳಕನ್ನು ತಗ್ಗಿಸುತ್ತದೆ, ಮಂದಹಾಸದ ಮುಖ ಕಪ್ಪಾಗುತ್ತದೆ.

ಡಿಜಿಟಲ್ ಕ್ಯಾಮೆರಾದಲ್ಲಿ ಇದನ್ನು ತಿದ್ದಲು ಕೂಡುವ ಕಳೆಯುವ ಗುರುತಿನ ಗುಂಡಿಯಿದೆ; ಅದನ್ನು ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಎನ್ನುತ್ತಾರೆ. ಅದರ ಒಂದು ಮೆಟ್ಟಿಲೆಂದರೆ ಬೆಳಕನ್ನು ಇಮ್ಮಡಿಸುವುದು ಇಲ್ಲವೆ ಅರ್ಧಕ್ಕಿಳಿಸುವುದು. ಬಳಪದ ಕಲ್ಲಿಗೆ ಮುಕ್ಕಾಲು ಅಥವಾ ಒಂದು ಮೆಟ್ಟಿಲು ಇಳಿಸಬೇಕು, ನೆರಳಲ್ಲಿರುವ ಗೊಮ್ಮಟನ ಮುಖಕ್ಕೆ ಅಷ್ಟೇ ಏರಿಸಬೇಕು. ಆದರೆ ಫಿಲಮ್ಮಿನ ಕಾಲದ ಸ್ಟುಡಿಯೋ ಸೂತ್ರವನ್ನು ಈ ಯಂತ್ರ ತಲೆಕೆಳಗು ಮಾಡಿತು. ಸೆನ್ಸರಿನಲ್ಲಿ ನೆರಳಿನೊಳಗಿನ ವಿವರವನ್ನು ಕಂಪ್ಯೂಟರಿನಲ್ಲಿ ಸಾಕಷ್ಟು ಎತ್ತಬಹುದು; ತುಂಬಿ ಹರಿದ ಬಿಳುಪು ಮಾತ್ರ ಮರಳಿ ಬರುವುದಿಲ್ಲ. ಅಭಿಷೇಕದ ಕಲಶಗಳ ಹಾಲು ಮಸ್ತಕದಿಂದ ಸುರಿದು ಹೆಗಲ ಮೇಲೆ ಹರಿಯುವಾಗ ಏರಿಸಿಟ್ಟ ಮೆಟ್ಟಿಲನ್ನು ಇಳಿಸದಿದ್ದರೆ ಹಾಲಿನ ಎಳೆಗಳೆಲ್ಲ ಕೂಡಿ ಒಂದೇ ಬಿಳಿ ಕಲೆಯಾಗುತ್ತವೆ, ಅರಿಸಿನ ಮತ್ತು ಚಂದನಗಳ ಸರದಿ ಬಂದೊಡನೆ ಲೆಕ್ಕ ಮತ್ತೆ ಬದಲಾಗುತ್ತದೆ.

ಗೊಮ್ಮಟನ ಮುಖಕ್ಕೆ ನೇರ ಬಿಸಿಲು ಬೀಳುವ ಕಾಲವೂ ಉಂಟು. ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ವರೆಗೆ ಸೂರ್ಯ ಪೂರ್ವಕ್ಕಿಂತ ಉತ್ತರಕ್ಕೆ ಸರಿದು ಹುಟ್ಟುವುದರಿಂದ ಮುಂಜಾನೆಯ ಓರೆಬಿಸಿಲು ಕೆನ್ನೆಯನ್ನು ಸವರುತ್ತದೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಡುಹಗಲಿನ ಸೂರ್ಯನೂ ನೆತ್ತಿಯಿಂದ ಉತ್ತರಕ್ಕೆ ಕೊಂಚ ವಾಲುತ್ತಾನೆ. ಮುಂಗಾರಿಗೆ ಮುಂಚೆ, ಮೇ ತಿಂಗಳಿನ ತಿಳಿ ಬೆಳಗಿನಲ್ಲಿ ವಿಂಧ್ಯಗಿರಿಯ ಮೆಟ್ಟಿಲುಗಳನ್ನು ಹತ್ತಿದವನಿಗೆ ಆಕಾಶವೂ ಮುಖವೂ ಹೆಚ್ಚುಕಡಿಮೆ ಸಮಬೆಳಕಿನಲ್ಲಿ ಸಿಗುತ್ತವೆ.