ಜ್ವಾಳ ಹೆಚ್ಚಾಗ್ಯಾವ

ನಮ್ಮ ಚಿಕ್ಕೋಡಿ, ಅಥಣಿ ಕಡೆ ಊಟಕ್ಕೆ ‘ಬಡಿಸು’ ಅನ್ನುವುದು ಕಡಿಮೆ, ‘ನೀಡು’ ಅನ್ನುತ್ತೇವೆ. ನೀಡುವುದೆಂದರೆ ಕೈ ಚಾಚುವುದೂ ಹೌದು. ನಿಪ್ಪಾಣಿಯ ಮರಾಠಿ ಮನೆಗಳಲ್ಲಿ ಅದಕ್ಕೆ ‘ವಾಢ’. ಬೆಳೆಯುವುದಕ್ಕೂ ಅದೇ ಮಾತು. ಅವರಲ್ಲಿ ಬಳೆ ಒಡೆದರೂ, ದೇವರ ಮುಂದೆ ಕಾಯಿ ಒಡೆದರೂ ಬೆಳೆಯಿತೆಂದೇ ಹೇಳುವುದು. ಜಪಾನೀಯರು ಕೂಡ ಹೊಸ ವರ್ಷಕ್ಕೆ ದೇವರಿಗಿಟ್ಟ ಅಕ್ಕಿಯ ಕಡುಬನ್ನು ಒಡೆಯುವಾಗ ‘ತೆರೆಯುವುದು’ ಅನ್ನುತ್ತಾರೆ. ಅಂಜಿಕೆ ನಮ್ಮದೊಂದೇ ಅಲ್ಲ!

ರಾಯಬಾಗ 1949ರವರೆಗೆ ಕೊಲ್ಹಾಪುರ ಸಂಸ್ಥಾನದ್ದು. 1956ರ ನವೆಂಬರ್ 1ರಂದು ನಮ್ಮ ಈ ಭಾಗವೆಲ್ಲ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯ ಸೇರಿತು. ಗಡಿಗಾಗಿ ಜಗಳಗಳಾದವು. ಬೇಕಾದಷ್ಟಿದೆ ಎನ್ನುವ ‘ರಗಡ’ ಮಾತ್ರ ಎರಡೂ ಭಾಷೆಯ ಅಡುಗೆಮನೆಗಳಲ್ಲಿ ಉಳಿಯಿತು. ಅದು ಯಾರದೆಂದು ಯಾವ ಹೆಂಗಸೂ ಕೇಳಲಿಲ್ಲ.

ಕಣದಲ್ಲಿ ರಾಶಿ ಅಳೆಯುವಾಗ ಮೊದಲ ಅಳತೆಗೆ ‘ಒಂದು’ ಅನ್ನದೆ ‘ಲಾಭ’ ಅನ್ನುತ್ತಿದ್ದರು. ಆದರೆ 1972ರ ಬರದಲ್ಲಿ ಅಳೆಯಲು ರಾಶಿಯೆಲ್ಲಿ? ನಮ್ಮ ಹಗೇವು ಬರಿದಾಗಿತ್ತು. ಅವ್ವ ನೆರೆಮನೆಗೆ ಹೋಗಿ, “ಅಕ್ಕಾ, ಜ್ವಾಳ ಹೆಚ್ಚಾಗ್ಯಾವ” ಅಂದಳಂತೆ. ತೀರಿದವು ಎಂಬ ಮಾತು ಬಾಯಿಂದ ಬರಬಾರದಲ್ಲ! ಆಕೆಗೆ ತಿಳಿಯಿತು. ಮೊರದ ತುಂಬ ತಂದು ಅವ್ವನ ಉಡಿಗೆ ಸುರಿದು, “ಅಳಿಯಬ್ಯಾಡವಾ, ಒಯ್ಯಿ” ಅಂದಳಂತೆ.

ಮರುವರ್ಷ ತಿರುಗಿ ಕೊಡಬೇಕೆಂದಾಗ ಎಷ್ಟು ಕೊಡಬೇಕೆಂಬುದೇ ಅವ್ವನಿಗೆ ತಿಳಿಯಲಿಲ್ಲ.